ಜವರಜ್ಜನಿಗೆ ಕಾಣದ ಹುಲಿ

ಒಂದು ಕಾಡಿನಲ್ಲಿ, ಹಳ್ಳ ತಿರುಗುವ ಕಡೆ, ದೊಡ್ಡದೊಂದು ಬಸರಿ ಮರವಿತ್ತು. ಮೇಲೆ ಕಪ್ಪು ಮೋರೆಯ ಮುಸುವ ಕೋತಿಗಳು, ಕೆಳಗೆ ಜಿಂಕೆಗಳು. ಮುಸುವಗಳು ತಿಂದು ಉದುರಿಸಿದ ಹಣ್ಣನ್ನು ಜಿಂಕೆಗಳು ಮೇಯುತ್ತಿದ್ದವು. ಮರದ ತುದಿಯಲ್ಲಿ ಕಾವಲಿಗೆ ಕೂತವನು ಜವರಜ್ಜ ಎಂಬ ಮುದಿ ಮುಸುವ. ಹುಲಿ ಕಂಡರೆ ಅವನು "ಖಕ್! ಖಕ್!" ಎಂದು ಕೂಗಬೇಕು, ಜಿಂಕೆಗಳು ಓಡಬೇಕು. ಅವನ ಗಂಟಲೋ, ಅಬ್ಬಬ್ಬಾ, ಗುಡ್ಡದಾಚೆಗೂ ಕೇಳುತ್ತಿತ್ತು! ಅಜ್ಜ ಕೂಗಲಿಲ್ಲ ಎಂದರೆ ಹುಲಿ ಇಲ್ಲವೆಂದೇ ಎಲ್ಲರ ನಂಬಿಕೆ.

ಇಂಥ ಅಜ್ಜನ ಕಣ್ಣಿಗೆ ಪೊರೆ ಬಂತು. ಮೊದಲು ಹಳ್ಳದಾಚೆ ಮಸುಕಾಯಿತು. ಆಮೇಲೆ ಹಳ್ಳವೇ ಮಸುಕಾಯಿತು. ಹೇಳಿಬಿಟ್ಟರೆ ತುದಿಕೊಂಬೆಯೂ ಹೋಗುತ್ತದೆ, ಮರ್ಯಾದೆಯೂ ಹೋಗುತ್ತದೆ ಎಂದು ಅವನಿಗೆ ಹೆದರಿಕೆ. ಅದಕ್ಕೆ ಒಂದು ಉಪಾಯ ಹೂಡಿದ. ಪಕ್ಕದಲ್ಲಿ ಯಾರೇ ಬಂದು ಕೂರಲಿ, "ಎಲ್ಲಿ, ನಿನ್ನ ಕಣ್ಣು ಎಷ್ಟು ಚುರುಕೋ ನೋಡೋಣ. ಆ ಬಂಡೆ ಮೇಲೇನಿದೆ ಹೇಳು?" ಎನ್ನುತ್ತಿದ್ದ.

"ನವಿಲು, ಅಜ್ಜಾ."

"ಹ್ಞಾ, ಪರವಾಗಿಲ್ಲ. ಕಲೀತಾ ಇದೀಯ!"

ಅಜ್ಜ ತಮಗೆ ಪಾಠ ಹೇಳುತ್ತಿದ್ದಾನೆಂದು ಎಲ್ಲರೂ ಹಿಗ್ಗುತ್ತಿದ್ದರು. ಎಂಥ ಘಾಟಿ ನೋಡಿ!

ಒಂದು ಮಧ್ಯಾಹ್ನ ಉಳಿದ ಮುಸುವಗಳೆಲ್ಲ ನೀರು ಕುಡಿಯಲು ಇಳಿದಿದ್ದವು. ತುದಿಯಲ್ಲಿ ಅಜ್ಜ ಒಬ್ಬನೇ. ಕೆಳಗೆ ಸುಬ್ಬಿ ಎಂಬ ಜಿಂಕೆ ತಲೆ ಎತ್ತಿ ಮೂಗು ಅರಳಿಸಿದಳು.

"ಅಜ್ಜಾ, ಏನೋ ಕೆಟ್ಟ ವಾಸನೆ. ಆ ಒಣಹುಲ್ಲಿನ ಕಡೆ ಸ್ವಲ್ಪ ನೋಡು."

ಅಜ್ಜ ನೋಡಿದ. ಎಲ್ಲವೂ ಹಳದಿ, ಬರೀ ಹಳದಿ. 'ಕಾಣಲ್ಲ' ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ.

"ಏನೂ ಇಲ್ಲ ಕಣೇ! ನನ್ನ ಕಣ್ಣಿಗಿಂತ ನಿನ್ನ ಮೂಗು ಹೆಚ್ಚಾಯ್ತಾ? ಸುಮ್ಮನೆ ಮೇಯಿ."

ಸುಬ್ಬಿ ತಲೆ ತಗ್ಗಿಸಿದಳು. ಪಾಪ, ತನ್ನ ಮೂಗನ್ನೇ ನಂಬಲಿಲ್ಲ.

ಆ ಹಳದಿ ಎದ್ದು ಹಾರಿತು!

ಅಯ್ಯಯ್ಯೋ! ದೊಪ್ಪೆಂಬ ಸದ್ದು, ಚೀತ್ಕಾರ, ಗೊರಸುಗಳ ದಡದಡ. ಅಜ್ಜನಿಗೆ ಎಲ್ಲ ಕೇಳಿಸಿತು, ಏನೂ ಕಾಣಲಿಲ್ಲ. ಕೂಗಲು ಬಾಯಿ ತೆರೆದ. ಕೂಗು ಹೊರಡಲಿಲ್ಲ. ಯಾರು ಸತ್ತರು? ನಾನೇ ಕೊಂದೆನಾ?

ಹಳ್ಳದಲ್ಲಿದ್ದ ಮುಸುವಗಳು ಒಟ್ಟಿಗೇ ಕಿರುಚಿದ್ದಕ್ಕೆ ಹುಲಿ ಹಿಡಿತ ಬಿಟ್ಟು ಹೋಯಿತು. ಸುಬ್ಬಿಯ ಜೀವ ಉಳಿಯಿತು. ಹಿಂಗಾಲು ಮಾತ್ರ ಸೀಳಿಹೋಯಿತು.

ಅಜ್ಜ ಕೊಂಬೆ ತಡಕುತ್ತ ಕೆಳಗಿಳಿದ. "ಸುಬ್ಬೀ, ನಂಗೆ ಕಣ್ಣು ಕಾಣಲ್ಲ ಕಣವ್ವ. ಹೋದ ಮಳೆಗಾಲದಿಂದಲೂ ಕಾಣಲ್ಲ."

ಎಲ್ಲರೂ ಬೈದರು ನೋಡಿ, ಕಿವಿ ಮುಚ್ಚಿಕೊಳ್ಳಬೇಕು, ಹಾಗೆ ಬೈದರು. ಸುಬ್ಬಿ ಮಾತ್ರ ನೋವಿನಲ್ಲೇ ಹೇಳಿದಳು: "ಕಣ್ಣು ಹೋಗಿದ್ದು ನಿನ್ನ ತಪ್ಪಲ್ಲಜ್ಜ. ಕಾಣುತ್ತೆ ಅನ್ನೋ ಥರ ನಡ್ಕೊಂಡ್ಯಲ್ಲ, ಅದು ನನ್ನ ಕಾಲು ತಿಂತು."

ತುದಿಕೊಂಬೆ ಬೇರೆಯವನ ಪಾಲಾಯಿತು. ಕಾಡು ಬಿಟ್ಟೇ ಹೋಗುತ್ತೇನೆಂದು ಅಜ್ಜ ಹೊರಟ.

"ಎಲ್ಲಿಗೆ?" ಎಂದು ಸುಬ್ಬಿ ತಡೆದಳು. "ನಾನಿನ್ನು ಜೋರಾಗಿ ಓಡಲಾರೆ. ಹುಲಿ ದೂರದಲ್ಲಿರುವಾಗಲೇ ಹೊರಡಬೇಕು. ಎಲ್ಲರನ್ನೂ ಎಚ್ಚರಿಸೋಷ್ಟು ಗಂಟಲು ನನಗಿಲ್ಲ. ನೀನು ಕೆಳಗಿನ ಕೊಂಬೆಗೆ ಬಾ. ಹುಲಿಯ ವಾಸನೆ ಬಂದು ನಾನು ಕಾಲು ಬಡಿದರೆ ನೀನು ಕೂಗು."

ಸುಲಭವಾಗಿತ್ತೇ? ಇಲ್ಲಪ್ಪ! ಸುಬ್ಬಿ ನೊಣ ಓಡಿಸಲು ಕಾಲು ಬಡಿದರೂ ಅಜ್ಜ ಕಿರುಚಿಬಿಡುತ್ತಿದ್ದ. ಬೈಸಿಕೊಂಡ. "ನಂಗೊತ್ತಾಗಲಿಲ್ಲ, ಇನ್ನೊಂದು ಸಲ ಹೇಳಿಕೊಡು" ಎಂದು ಕೇಳುವುದನ್ನು ಕಲಿತ. ಸುಬ್ಬಿಯೂ ಕುಂಟುತ್ತ ಓಡುವುದನ್ನು ಕಲಿತಳು, ಬಿದ್ದು ಎದ್ದು.

ಹುಲಿ ಮತ್ತೆ ಬಂತು. ಸುಬ್ಬಿ ಕಾಲು ಬಡಿದಳು. "ಖಕ್! ಖಕ್!" ಇಡೀ ಕಾಡು ಬೆಚ್ಚಿತು. ಜಿಂಕೆಗಳೆಲ್ಲ ಪಾರಾದವು. ಹುಲಿ ಮುಖ ಕೆಡಿಸಿಕೊಂಡು ವಾಪಸಾಯಿತು.

ಹಣ್ಣಿಗೆಂದು ಬಂದಿದ್ದ ಬೇರೆ ಗುಂಪಿನ ಮುಸುವನೊಬ್ಬ ಬೆರಗಾದ. "ಅಷ್ಟು ದೂರದ ಹುಲಿ! ಏನು ಕಣ್ಣು ಮಾರಾಯಾ ನಿನ್ನದು!"

ಅಜ್ಜ ಅವನ ದನಿ ಬಂದ ಕಡೆ ತಿರುಗಿದ. "ನಂಗೆ ಕಣ್ಣು ಕಾಣಲ್ಲಪ್ಪ. ವಾಸನೆ ಹಿಡಿದವಳು ಸುಬ್ಬಿ. ಕೂಗಿದ್ದಷ್ಟೇ ನಾನು."

"ಓ, ಹೌದಾ?" ಎಂದು ಆ ಮುಸುವ ಇನ್ನೊಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡ.

ಅಷ್ಟೇ! ಯಾರೂ ನಗಲಿಲ್ಲ, ಯಾರೂ ಉಗಿಯಲಿಲ್ಲ. ಅಜ್ಜ ಸಿಡಿಲು ಬಡಿದವನ ಹಾಗೆ ಕೂತುಬಿಟ್ಟ. ಇಷ್ಟೇನಾ? ಈ ಒಂದು ಮಾತಿಗೆ ನಾನು ಅಷ್ಟು ಹೆದರಿದ್ದೆನಾ?

ಕೆಳಗೆ ತರಗೆಲೆಯ ಮೇಲೆ ಸುಬ್ಬಿ ಕುಂಟಿಕೊಂಡು ಬರುವ ಸದ್ದು ಕೇಳಿಸಿತು. ಅಜ್ಜ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ.

ನೀತಿ: ದೇಹದ ಶಕ್ತಿ ಕುಂದಿದರೆ ಅದು ಅವಮಾನವಲ್ಲ, ಅದನ್ನು ಮುಚ್ಚಿಟ್ಟು ನಂಬಿದವರನ್ನು ಅಪಾಯಕ್ಕೆ ದೂಡುವುದು ತಪ್ಪು. ಆಗದ್ದನ್ನು ಆಗದು ಎಂದು ಒಪ್ಪಿಕೊಂಡವನಿಗೆ ಆಗುವ ಕೆಲಸ ಸಿಕ್ಕೇ ಸಿಗುತ್ತದೆ.