ಕಾರ್ಬ್ಯುರೇಟರಿನ ಕೆಮ್ಮು

ಬಳೆಗಾರ ಗ್ಯಾನಪ್ಪನ ಹಳೇ ಬೈಕಿನಲ್ಲಿ ಒಂದು ಕಾರ್ಬ್ಯುರೇಟರ್ ಇತ್ತು. ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಉಣಿಸುವುದು ಅದರ ಕೆಲಸ. ಈಚೆಗೆ ಬೈಕು ಕೆಮ್ಮುತ್ತ ಕಪ್ಪು ಹೊಗೆ ಬಿಡುತ್ತಿತ್ತು, ಮೈಲೇಜೂ ಅರ್ಧಕ್ಕಿಳಿದಿತ್ತು. ಗ್ಯಾನಪ್ಪ "ಪೆಟ್ರೋಲು ಕುಡುಕ!" ಎಂದು ಬೈದಾಗ ಕಾರ್ಬ್ಯುರೇಟರಿಗೆ ಮೈಯೆಲ್ಲ ಉರಿಯಿತು.

ಅದು ಗಾಳಿಯನ್ನು ಸೋಸಿ ಕೊಡುವ ಪಕ್ಕದ ಏರ್ ಫಿಲ್ಟರಿನ ಮೇಲೆ ಹರಿಹಾಯ್ದಿತು. "ಎಲೈ ಕೊಳಕೇ, ಗಾಳಿಗೆ ಅಡ್ಡ ನಿಂತಿದ್ದೀಯೆ. ಗಾಳಿ ಸಾಲದೆ ನಾನು ಬರೀ ಪೆಟ್ರೋಲು ಸುರಿಯುತ್ತಿದ್ದೇನೆ. ಬೈಗುಳ ಮಾತ್ರ ನನಗೆ!"

"ನನ್ನಲ್ಲಿ ಧೂಳು ತುಂಬಿದೆ, ನಿಜ," ಎಂದಷ್ಟೇ ಹೇಳಿತು ಫಿಲ್ಟರು.

ಗ್ಯಾನಪ್ಪನಿಗೂ ಫಿಲ್ಟರಿನ ಮೇಲೇ ಅನುಮಾನ ಬಂದು, ಅದನ್ನು ಕಿತ್ತು ಬೈಕಿನ ಹಿಂದೆ ಕಟ್ಟಿದ್ದ ಬಳೆಪೆಟ್ಟಿಗೆಯ ಮೂಲೆಗೆಸೆದ. ಬೈಕು ಹಗುರಾಗಿ ಓಡಿತು. ಕಾರ್ಬ್ಯುರೇಟರ್ ಎದೆತುಂಬ ಉಸಿರೆಳೆದು ಹಿಗ್ಗಿತು. ಅಷ್ಟರಲ್ಲಿ ಕಲ್ಲುಕ್ವಾರಿಯ ದಾರಿ ಬಂತು. ಲಾರಿಗಳೆಬ್ಬಿಸಿದ ಧೂಳು ನೇರ ಅದರ ಗಂಟಲಿಗೇ ನುಗ್ಗಿತು. ಒಳಗಿನ ಸಣ್ಣ ತೂತು ಮುಚ್ಚಿಹೋಗಿ ಬೈಕು ನಡುದಾರಿಯಲ್ಲೇ ನಿಂತಿತು.

ಗ್ಯಾನಪ್ಪ ಮರದ ನೆರಳಲ್ಲಿ ಕೂತು ಕಾರ್ಬ್ಯುರೇಟರ್ ಬಿಚ್ಚಿದ, ತೂತಿಗೆ ಊದಿ ಮಣ್ಣು ತೆಗೆದ. ಆಮೇಲೆ ಸ್ಪಂಜಿನ ಆ ಫಿಲ್ಟರನ್ನು ಪೆಟ್ಟಿಗೆಯಿಂದ ತೆಗೆದು ಪೆಟ್ರೋಲಿನಲ್ಲಿ ಅದ್ದಿ ಹಿಂಡಿದ. ಇಳಿದ ಕೆಸರನ್ನು ಕಂಡು ಕಾರ್ಬ್ಯುರೇಟರ್ ದಂಗಾಯಿತು. ಒಂದು ದಾರಿಯ ಧೂಳಿಗೇ ತನ್ನ ಉಸಿರು ನಿಂತಿತ್ತು. ಇಷ್ಟು ಕಾಲದ ಧೂಳನ್ನೆಲ್ಲ ತನಗಾಗಿ ನುಂಗಿಕೊಂಡಿದ್ದು ಈ ಫಿಲ್ಟರು.

ಎರಡೂ ಮತ್ತೆ ಅಕ್ಕಪಕ್ಕ ಕೂತಾಗ ಕಾರ್ಬ್ಯುರೇಟರ್ ಹೇಳಿತು: "ಅಣ್ಣಾ, ನಾನು ಬದುಕಿದ್ದು ನಿನ್ನಿಂದ."

"ಮುಂದೆ ನಾನು ಮತ್ತೆ ಧೂಳಿನಿಂದ ಕಟ್ಟಿಕೊಳ್ಳುತ್ತೇನಲ್ಲ?" ಎಂದಿತು ಫಿಲ್ಟರು.

"ಆಗ ನಾನು ಕೆಮ್ಮುತ್ತೇನೆ. ನಿನ್ನನ್ನು ದೂರುವುದಕ್ಕಲ್ಲ, ಗ್ಯಾನಪ್ಪ ನಿನ್ನನ್ನು ತೊಳೆಯಲಿ ಎಂದು."