ಉಂಡೆಯಾದ ಮಾವ

ಚಿಪ್ಪುಹಂದಿಯ ಮರಿ ಚಿಮ್ಮಿಗೆ ಇದ್ದದ್ದು ಒಬ್ಬನೇ ಸೋದರಮಾವ, ದುಗ್ಗ. ಮಳೆಗಾಲ ಮುಗಿದಾಗಿನಿಂದ ಅವನು ಬಿಲದ ಬಾಯಲ್ಲಿ ಉಂಡೆಯಾಗಿ ಸುತ್ತಿಕೊಂಡು ಬಿದ್ದಿದ್ದ. ಊಟವಿಲ್ಲ, ಕೇಳಿದರೆ ಒಂದೆರಡು ಮಾತು ಅಷ್ಟೇ.

"ಹುಲಿ ಏನಾದರೂ ಬಂತೇ ಮಾವ?" ಎಂದು ಚಿಮ್ಮಿ ಕೇಳಿದಳು.

"ಇಲ್ಲ. ಹುಲಿಯಾಗಿದ್ದರೆ ಇಷ್ಟು ಹೊತ್ತಿಗೆ ಹೋಗಿರುತ್ತಿತ್ತು" ಎಂದ ದುಗ್ಗ.

ಗೆದ್ದಲು ತಿಂದರೆ ಸರಿಹೋದಾನೆಂದು ಚಿಮ್ಮಿ ಅವನನ್ನು ಹುತ್ತದ ಕಡೆಗೆ ಉರುಳಿಸತೊಡಗಿದಳು. ಇಳಿಜಾರಿನಲ್ಲಿ ಮಾವ ಕೈತಪ್ಪಿದ. ಕಾಡುಕೋಳಿಗಳನ್ನು ಚದುರಿಸಿ, ನಿದ್ದೆ ಹೊಡೆಯುತ್ತಿದ್ದ ಕಾಡುಹಂದಿಯನ್ನು ಓಡಿಸಿ, ನೇರ ಹುತ್ತಕ್ಕೇ ಹೋಗಿ ಗುದ್ದಿದ. ಗೆದ್ದಲೆಲ್ಲ ಅವನ ಮೈಮೇಲೆ ಸುರಿಯಿತು. ಚಿಮ್ಮಿ ಬಿದ್ದು ಬಿದ್ದು ನಕ್ಕಳು.

ಮಾವ ಮಾತ್ರ ಬಿಚ್ಚಿಕೊಳ್ಳಲಿಲ್ಲ.

"ಇಷ್ಟಾದರೂ ನಿನಗೆ ಏನೂ ಅನಿಸಲಿಲ್ಲವೇ?"

"ನೀನು ನಕ್ಕಿದ್ದು ಕೇಳಿಸಿತು ಮಗೂ, ಬಹಳ ದೂರದಿಂದ. ನನ್ನನ್ನು ಬಿಟ್ಟು ಮನೆಗೆ ಹೋಗು. ನಾಳೆಯೂ ನಾನು ಹೀಗೇ ಇರುತ್ತೇನೆ."

ಚಿಮ್ಮಿಗೆ ಅಳು ಬಂತು. ಇನ್ನೇನು ಮಾಡಬೇಕೆಂದು ತಿಳಿಯದೆ ಅವನ ಬೆನ್ನಿಗೆ ಒರಗಿ ತಾನೂ ಉಂಡೆಯಾದಳು.

"ಹಾಗಾದರೆ ನಾಳೆ ನಾನೂ ಇಲ್ಲೇ ಇರುತ್ತೇನೆ."

ಬಹಳ ಹೊತ್ತಿನ ಮೇಲೆ ಮಾವನ ಬಾಲ ಒಂದಿಷ್ಟು ಸಡಿಲವಾಗಿ ಅವಳನ್ನು ಒಳಗೆ ಎಳೆದುಕೊಂಡಿತು. ಆಮೇಲೆ ಉಂಡೆ ಮತ್ತೆ ಮುಚ್ಚಿಕೊಂಡಿತು, ಈ ಸಲ ಇಬ್ಬರನ್ನೂ ಒಳಗಿಟ್ಟುಕೊಂಡು.