ಚೆನ್ನಾಜಮ್ಮನ ಟ್ಯಾಬಿಗೆ ಬೀಗ ಬಿದ್ದದ್ದು

ಕಿವಿ ಈ ಕಡೆ ಕೊಡಿ. ನಗು ಬಂದರೆ ನಗಿ, ನಡುವೆ ಎದ್ದು ಮಾತ್ರ ಹೋಗಬೇಡಿ.

ಕೊಳ್ಳೇಗಾಲದ ಕಡೆ ಒಂದು ಸಣ್ಣ ಪೇಟೆ. ಆ ಪೇಟೆಯ ಹಿಂದಿನ ಬೀದಿಯಲ್ಲಿ ಚೆನ್ನಾಜಮ್ಮ ಅಂತ ಒಬ್ಬಳು. ರವಿಕೆ ಹೊಲಿಯೋದು ಅವಳ ಕಸುಬು. ಹೊಲಿಗೆ ಅಂದರೆ ಹೊಲಿಗೆ, ಒಂದು ನೂಲು ಆಚೀಚೆ ಆಗೋ ಹಾಗಿಲ್ಲ. ಮನಸ್ಸು ಮಾತ್ರ ಅನುಮಾನದ ಗೂಡು. ಹಾಲಿನವನು ಬೇಗ ಬಂದರೆ ಅನುಮಾನ, ತಡವಾಗಿ ಬಂದರೂ ಅನುಮಾನ. ಯಾರಾದರೂ "ಊಟ ಆಯ್ತಾ?" ಅಂದರೆ, "ನನ್ನ ಊಟ ಕಟ್ಟಿಕೊಂಡು ಇವಳಿಗೇನಾಗಬೇಕು?" ಅಂತ ಅನುಮಾನ. ಎಲ್ಲಕ್ಕಿಂತ ದೊಡ್ಡ ಅನುಮಾನ ಎದುರುಮನೆ ದಾಕ್ಷಾಯಿಣಿ ಮೇಲೆ. ಯಾಕೆಂದರೆ ಅವಳೂ ರವಿಕೆ ಹೊಲಿಯೋಳು.

ಚೆನ್ನಾಜಮ್ಮನಿಗೆ ಒಬ್ಬನೇ ಮಗ, ಗುರುಮಲ್ಲ. ಇಪ್ಪತ್ತಾರು ವರ್ಷ, ಬಾಗಿಲಿಗೆ ತಲೆ ತಾಗೋ ಎತ್ತರ. ಲೋಕದಲ್ಲಿ ಅವನೊಬ್ಬನ ವಿಷಯದಲ್ಲಿ ಅವಳಿಗೆ ಅನುಮಾನ ಇರಲಿಲ್ಲ. ಪೆದ್ದ ಅಂತ ಖಚಿತವಾಗಿ ಗೊತ್ತಿತ್ತು.

"ಹೇಳಿದ್ದನ್ನ ಹೇಳಿದಂಗೆ ಮಾಡ್ತಾನಲ್ಲ, ನಾನೇನು ಮಾಡಲಿ ತಂದೆ!" ಅಂತ ದಿನಾ ದೇವರ ಪಟದ ಮುಂದೆ ಹಣೆ ಚಚ್ಚಿಕೊಳ್ಳೋಳು.

ಒಂದು ಸಲ ಏನಾಯಿತು ಅಂದರೆ, ದಾಕ್ಷಾಯಿಣಿ ಬಂದು ಮಾತಾಡ್ತಾ ಮಾತಾಡ್ತಾ ಅಳತೆ ಪುಸ್ತಕದ ಕಡೆ ಕಣ್ಣು ಹಾಯಿಸಿದಳು. ಅಷ್ಟೇ. ಚೆನ್ನಾಜಮ್ಮ ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದ ಫಯಾಜ್ ಹತ್ತಿರ ಒಂದು ಟ್ಯಾಬ್ ತಂದಳು, ಅಳತೆಯನ್ನೆಲ್ಲ ಅದರೊಳಗೆ ಹಾಕಿಸಿದಳು, ಪುಸ್ತಕ ಚಿಂದಿ ಚಿಂದಿ ಮಾಡಿ ಹರಿದಳು. ಫಯಾಜ್ ಅಕೌಂಟ್ ಮಾಡಿ ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟ. ಅದನ್ನು ಮಗನ ಕೈಗೆ ಕೊಟ್ಟು ಅವಳು ಅಂದಳು:

"ಲೋ, ಇದನ್ನ ಯಾರ ಕಣ್ಣಿಗೂ ಬೀಳದ ಹಾಗೆ ಇಡು!"

"ಯಾರ ಕಣ್ಣಿಗೂ?"

"ಯಾರ ಕಣ್ಣಿಗೂ! ನನ್ನ ಕಣ್ಣಿಗೂ ಬೇಡ, ನಿನ್ನ ಕಣ್ಣಿಗೂ ಬೇಡ!"

"ಆಯ್ತವ್ವಾ."

ಮೂರು ತಿಂಗಳು ಟ್ಯಾಬ್ ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ಬೆಳಗ್ಗೆ ಅದು ತಾನಾಗಿ ಆರಿತು, ತಾನಾಗಿ ಹೊತ್ತಿತು, ಪಾಸ್‌ವರ್ಡ್ ಕೇಳಿತು.

ಕೇಳಿದ್ದೂ ಎಂಥ ಹೊತ್ತಿನಲ್ಲಿ! ರೇಷ್ಮೆ ಗೂಡಿನ ವ್ಯಾಪಾರಿ ಮಗಳ ಮದುವೆ ಭಾನುವಾರ. ಒಂಬತ್ತು ರವಿಕೆ. ಬಟ್ಟೆ ಮನೆಯಲ್ಲಿ, ಅಳತೆ ಟ್ಯಾಬಿನಲ್ಲಿ, ಹುಡುಗಿ ಮೈಸೂರಿನ ಹಾಸ್ಟೆಲಿನಲ್ಲಿ. ಪರೀಕ್ಷೆ ಮುಗಿಸಿಕೊಂಡು ಶನಿವಾರ ಬರೋಳು. ಅಳತೆ ಕಳೆದುಹೋಯಿತು ಅಂತ ಅವರ ಮನೆಯವರಿಗೆ ಗೊತ್ತಾದರೆ ಒಂಬತ್ತೂ ಬಟ್ಟೆ ಎದುರುಮನೆಗೆ ಹೋಗುತ್ತೆ.

"ಗುರುಮಲ್ಲಾ! ಚೀಟಿ ಎಲ್ಲೋ?"

"ಒಲೆಗೆ ಹಾಕಿದೆನವ್ವಾ."

"ಒಲೆಗಾ!"

"ಯಾರ ಕಣ್ಣಿಗೂ ಬೀಳಬಾರದು ಅಂದೆಯಲ್ಲ? ಎಲ್ಲಿಟ್ಟರೂ ನನ್ನ ಕಣ್ಣಿಗೆ ಬೀಳ್ತಿತ್ತು. ಒಲೆಗೆ ಹಾಕಿದೆ, ಆಮೇಲೆ ಬೀಳಲಿಲ್ಲ."

ಚೆನ್ನಾಜಮ್ಮ ನೆಲಕ್ಕೆ ಕುಸಿದಳು. ಟ್ಯಾಬಿನ ಮೇಲೆ 'ಪಾಸ್‌ವರ್ಡ್ ಮರೆತಿರಾ?' ಅಂತ ಬಂದಿತ್ತು. ಗುರುಮಲ್ಲ ಬಗ್ಗಿ ಅದಕ್ಕೆ ಮರ್ಯಾದೆಯಿಂದ ಉತ್ತರ ಕೊಟ್ಟ: "ಮರೆತಿಲ್ಲ ಸ್ವಾಮಿ, ಸುಟ್ಟಿದ್ದೇವೆ."

"ಮುಚ್ಚೋ ಬಾಯಿ! ಟ್ಯಾಬ್ ತಗೊಂಡು ಫಯಾಜ್ ಹತ್ತಿರ ಹೋಗು. ಬೀಗ ತೆಗೆಸಿಕೊಂಡು ಬಾ. ಒಳಗೇನಿದೆ ಅಂತ ಯಾರಿಗೂ ಹೇಳಬೇಡ. ಸುಳ್ಳಂತೂ ಹೇಳಲೇಬೇಡ!"

ಹೋದ. ಅಂಗಡಿಯಲ್ಲಿ ನಾಲ್ಕು ಜನ ಇದ್ದರು. ದಿನಕ್ಕೆ ಹತ್ತು ಟ್ಯಾಬ್ ನೋಡೋ ಫಯಾಜ್‌ಗೆ ಈ ಟ್ಯಾಬಿನ ಗುರುತೂ ಇಲ್ಲ, ಪಾಸ್‌ವರ್ಡಿನ ನೆನಪೂ ಇಲ್ಲ.

"ಇದು ನಿಂದೇನಪ್ಪಾ?"

"ನಂದಲ್ಲ."

ಫಯಾಜ್ ಹುಬ್ಬು ಮೇಲೇರಿತು. "ಮತ್ತೆ ಯಾರದು? ಒಳಗೇನಿದೆ?"

"ಯಾರಿಗೂ ಹೇಳಬಾರದಂತೆ."

"ಪಾಸ್‌ವರ್ಡ್?"

"ಸುಟ್ಟುಹಾಕಿದ್ದೀನಿ."

ನಾಲ್ಕು ಜನ ಎಂಟು ಜನ ಆದರು. ಒಬ್ಬ ಕತ್ತಿನ ಪಟ್ಟಿ ಹಿಡಿದ, ಒಬ್ಬ ಬಾಗಿಲಿಗೆ ಅಡ್ಡ ನಿಂತ. ಸುದ್ದಿ ತಿಳಿದು ಚೆನ್ನಾಜಮ್ಮ ಕತ್ತರಿ ಹಿಡಿದುಕೊಂಡೇ ಓಡಿಬಂದು ಬಿಡಿಸಿಕೊಳ್ಳಬೇಕಾಯಿತು.

"ಅಮ್ಮಾ, ತಪ್ಪು ತಿಳಿಯಬೇಡಿ," ಅಂದ ಫಯಾಜ್. "ಬಿಲ್ಲು ತಂದು ತೋರಿಸಿ, ಬೀಗ ತೆಗೆಸೋಣ."

ಚೆನ್ನಾಜಮ್ಮ ದಾರಿಯುದ್ದಕ್ಕೂ ಬೈದಳು. "ಯಾರದು ಅಂತ ಕೇಳಿದರೆ ನಂದಲ್ಲ ಅಂತಾರೇನೋ, ಪೆದ್ದ! ಯಾರೇ ಕೇಳಲಿ, ಎದೆ ಸೆಟೆಸಿ ನಂದೇ ಅನ್ನಬೇಕು!"

"ಆಯ್ತವ್ವಾ, ನಂದೇ ಅಂತೀನಿ."

ಮಾರನೆ ದಿನ ಬಿಲ್ಲನ್ನು ಅಂಗಿ ಜೇಬಿನಲ್ಲಿಟ್ಟು ಕಳಿಸಿದಳು. ಮಾರ್ಕೆಟ್ ಹತ್ತಿರ ಒಂದು ಬೀದಿ ಗೂಳಿ ಸೊಪ್ಪಿನ ಮಂಚಮ್ಮನ ಕೊತ್ತಂಬರಿ ರಾಶಿಗೆ ಬಾಯಿ ಹಾಕಿತ್ತು. ಮಂಚಮ್ಮ ಕೋಲು ಹಿಡಿದು ಕೂಗಿದಳು: "ಯಾರದ್ರೋ ಈ ಗೂಳಿ?"

ಗುರುಮಲ್ಲ ಎದೆ ಸೆಟೆಸಿದ. "ನಂದೇ!"

"ನಿಂದಾ? ಮತ್ತೆ ಆ ದಾರಿಗಡ್ಡ ನಿಂತಿರೋ ಗಾಡಿ?" ಅಂದ ಪೊಲೀಸಿನವನು.

"ಅದೂ ನಂದೇ!"

"ನನ್ನ ಅಂಗಡಿ ಮುಂದೆ ಕಸ ಸುರಿದಿದ್ದು?" ಅಂದ ಬಾಳೆಹಣ್ಣಿನವನು.

"ನಂದೇ, ನಂದೇ!"

ಮಧ್ಯಾಹ್ನದ ಹೊತ್ತಿಗೆ ಚೆನ್ನಾಜಮ್ಮನ ಬಾಗಿಲ ಮುಂದೆ ಒಂದು ಮೆರವಣಿಗೆ. ಮುಂದೆ ಗುರುಮಲ್ಲ, ಅವನ ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಗೂಳಿ, ಗೂಳಿಯ ಹಿಂದೆ ಮಂಚಮ್ಮ, ಅವಳ ಹಿಂದೆ ಅರ್ಧ ಮಾರ್ಕೆಟ್ಟು. ಎದುರುಮನೆ ಜಗಲಿಯಲ್ಲಿ ದಾಕ್ಷಾಯಿಣಿ ಅವರೆಕಾಯಿ ಸುಲಿಯೋದು ಬಿಟ್ಟು ನೋಡ್ತಾ ನಿಂತಿದ್ದಳು.

"ಬಿಲ್ಲೆಲ್ಲೋ?" ಅಂದಳು ಚೆನ್ನಾಜಮ್ಮ.

"ಗೂಳಿ ತಿಂತು. ನಮ್ದೇ ಗೂಳಿ ಅಲ್ವಾ, ಅಂತ ಸುಮ್ಮನಿದ್ದೆ."

ಎಲ್ಲರಿಗೂ ಕೈ ಮುಗಿದು ಕಳಿಸೋ ಹೊತ್ತಿಗೆ ಅವಳಿಗೆ ಸಾಕುಸಾಕಾಯಿತು. ಬಾಗಿಲು ಹಾಕಿ ಮಗನ ಕಿವಿ ಹಿಂಡಿದಳು. "ಇನ್ನು ಯಾರು ಏನು ಕೇಳಿದರೂ ಬಾಯಿ ಬಿಡಬೇಡ! ತುಟಿ ಹೊಲಿದ ಹಾಗೆ ಇರು!"

ಗುರುಮಲ್ಲ ತಲೆ ಆಡಿಸಿದ. ಬಾಯಿ ಬಿಡಲಿಲ್ಲ.

ಬಿಲ್ಲು ಹೋಯಿತು. ಮಂಗಳವಾರವೂ ಹೋಯಿತು. ಫಯಾಜ್ ಇನ್ನೊಂದು ದಾರಿ ಹೇಳಿದ: "ಅಮ್ಮಾ, ನಿಮ್ಮ ಫೋನಿಗೆ ಒಂದು ಕೋಡ್ ಬರುತ್ತೆ. ಅದನ್ನ ಟ್ಯಾಬಿಗೆ ಹಾಕಿದರೆ ಆಯ್ತು. ಫೋನು, ಟ್ಯಾಬು ಎರಡೂ ತನ್ನಿ."

ಎರಡೂ! ಚೆನ್ನಾಜಮ್ಮನ ಎದೆಯಲ್ಲಿ ಅನುಮಾನ ಬುಸ್ ಅಂತ ಹೆಡೆ ಎತ್ತಿತು. ಎರಡೂ ಯಾಕೆ ಬೇಕು ಇವನಿಗೆ? ಇವನಿಗೂ ದಾಕ್ಷಾಯಿಣಿಗೂ ಏನಾದರೂ ಮಾತಾಗಿದೆಯಾ? ಮೊನ್ನೆ ಅವಳು ಇವನ ಅಂಗಡಿಗೆ ಹೋಗಿದ್ದಳಲ್ಲ, ಕರೆನ್ಸಿ ಹಾಕಿಸೋಕೆ ಅಂತ? ಊಹೂಂ, ಎರಡನ್ನೂ ಒಬ್ಬನ ಕೈಗೆ ಕೊಡಬಾರದು.

ಫೋನನ್ನು ಮನೆಯಲ್ಲಿ ಮಗನ ಹತ್ತಿರ ಇಟ್ಟಳು. ಟ್ಯಾಬನ್ನು ಸೆರಗಿನಲ್ಲಿ ಮುಚ್ಚಿಕೊಂಡು ತಾನು ಅಂಗಡಿಗೆ ಹೋದಳು. ಕೋಡ್ ಹೋಯಿತು ಅಂತ ಫಯಾಜ್ ಹೇಳಿದ ಮೇಲೆ, ಅವನ ಫೋನಿಂದಲೇ ಮನೆಗೆ ಮಾಡಿದಳು.

"ಗುರುಮಲ್ಲಾ, ನಾನು ಕಣೋ. ಕೋಡ್ ಹೇಳು."

ಆ ಕಡೆ ಉಸಿರಾಟ.

"ಲೋ! ನಿಮ್ಮವ್ವ ಕಣೋ! ಎಷ್ಟು ಬಂದಿದೆ ನೋಡಿ ಹೇಳು!"

ಆ ಕಡೆ ಇನ್ನೂ ಜೋರು ಉಸಿರಾಟ.

"ಹೇಳೋ ನನ್ನಪ್ಪಾ!"

"ಮ್ಮ್... ಮ್ಮ್ಮ್..."

ಹತ್ತು ನಿಮಿಷ ಕಳೆಯಿತು. ಕೋಡ್ ಕೆಲಸಕ್ಕೆ ಬಾರದೆ ಹೋಯಿತು. ಮನೆಗೆ ಬಂದು ನೋಡಿದರೆ ಅವನು ಎರಡೂ ಕೈಯಿಂದ ತುಟಿ ಒತ್ತಿ ಹಿಡಿದು ಬೆವೆತುಹೋಗಿದ್ದ. ಬೆಳಗ್ಗೆಯಿಂದ ತಿಂಡಿಯನ್ನೂ ತಿಂದಿರಲಿಲ್ಲ.

ಅದನ್ನು ಕಂಡು ಅವಳಿಗೆ ಒಂದು ಗಳಿಗೆ ಕರುಳು ಚುರಕ್ ಅಂದಿತು. ಇಡ್ಲಿ ಬಡಿಸಿದಳು, ಬಡಿಸುತ್ತಲೇ ಬೈದಳು. "ನಾನು ಕೇಳಿದರೂ ಸುಮ್ಮನಿರೋದಾ? ಆ ಕೋಡಿಗೆ ಹತ್ತೇ ನಿಮಿಷ ಆಯಸ್ಸು, ಆಮೇಲೆ ಸತ್ತುಹೋಗುತ್ತೆ! ನಾಳೆ ಬಂದ ತಕ್ಷಣ, ಜೀವ ಇರುವಾಗಲೇ, ಫೋನನ್ನ ಜೋಪಾನವಾಗಿ ನನ್ನ ಹತ್ತಿರ ತಗೊಂಡು ಬಾ!"

"ಜೋಪಾನವಾಗಿ ತರ್ತೀನವ್ವಾ."

ಮಾರನೆ ದಿನ ಅವಳು ಟ್ಯಾಬ್ ಹಿಡಿದು ಅಂಗಡಿಗೆ ಹೋದಳು, ಮನೆಯಲ್ಲಿ ಫೋನಿಗೆ ಕೋಡ್ ಬಂತು. ಗುರುಮಲ್ಲ ಫೋನನ್ನು ಎರಡೂ ಅಂಗೈ ಮೇಲೆ ಮಲಗಿಸಿದ. ಅಲುಗಿದರೆ ನೋವಾದೀತು ಅಂತ ಹೆಜ್ಜೆ ಮೇಲೆ ಹೆಜ್ಜೆ ಇಟ್ಟ. ಬಿಸಿಲು ತಾಗೀತು ಅಂತ ಮೇಲೆ ಟವೆಲ್ ಹೊದಿಸಿದ. ಬೀದಿ ನಲ್ಲಿ ಹತ್ತಿರ ಬರೋ ಹೊತ್ತಿಗೆ ಹತ್ತು ನಿಮಿಷ ಆಗಿಯೇಹೋಯಿತು. ಅಲ್ಲೇ ಕೂತು ಎದೆ ಬಡಿದುಕೊಂಡ:

"ಸತ್ತೋಯ್ತು! ನನ್ನ ಕೈಯಲ್ಲೇ ಸತ್ತೋಯ್ತು! ಅಯ್ಯೋ ಅವ್ವಾ!"

ನೀರಿಗೆ ನಿಂತಿದ್ದ ಹೆಂಗಸರು ಕೊಡ ಬಿಟ್ಟು ಬಂದರು. "ಏನಾಯ್ತೋ? ಯಾರೋ?"

"ಜೀವ ಇರುವಾಗಲೇ ಬಾ ಅಂದಿದ್ದಳು ನಮ್ಮವ್ವ! ನಾನು ತಡ ಮಾಡಿಬಿಟ್ಟೆ!"

ಅಷ್ಟು ಸಾಕಾಯಿತು. ಚೆನ್ನಾಜಮ್ಮ ಅಂಗಡಿಯಲ್ಲಿ ಕಾದು ಕಾದು, ಟ್ಯಾಬನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದಳು. ಮನೆ ಮುಂದೆ ಜನ. ಬೆಂಚು ಹಾಕಿದ್ದಾರೆ. ದಾಕ್ಷಾಯಿಣಿ ಒಂದು ಮಾರು ಚೆಂಡುಹೂವಿನ ಹಾರ ಹಿಡಿದುಕೊಂಡು ಬಾಗಿಲಲ್ಲೇ ಕೂತು ಮೂಗು ಒರೆಸಿಕೊಳ್ತಿದ್ದಾಳೆ.

"ಯಾರೇ ಹೋಗಿದ್ದು?" ಅಂದಳು ಚೆನ್ನಾಜಮ್ಮ.

ದಾಕ್ಷಾಯಿಣಿ ತಲೆ ಎತ್ತಿ ನೋಡಿ ಕಿಟಾರನೆ ಕಿರುಚಿದಳು. "ಅಕ್ಕಾ! ನೀವೇ!"

ಎಲ್ಲ ತಿಳಿದ ಮೇಲೂ ಚೆನ್ನಾಜಮ್ಮನ ಅನುಮಾನ ಹೋಗಲಿಲ್ಲ. ನಾನು ಸತ್ತೆ ಅಂದ ಐದೇ ನಿಮಿಷಕ್ಕೆ ಇವಳಿಗೆ ಹಾರ ಎಲ್ಲಿಂದ ಬಂತು? ಮೊದಲೇ ಕಟ್ಟಿಟ್ಟಿದ್ದಳಾ?

ಜನ ಹೋದ ಮೇಲೆ ಮಗನಿಗೆ ಬಿತ್ತು. "ಅರ್ಧಂಬರ್ಧ ಹೇಳಿ ನನ್ನನ್ನ ಸಾಯಿಸಿದೆಯಲ್ಲೋ, ಪಾಪಿ! ಇನ್ಮೇಲೆ ಏನು ಹೇಳಿದರೂ ಪೂರ್ತಿ ಹೇಳು! ಬಿಡಿಸಿ ಬಿಡಿಸಿ, ಎಲ್ಲರಿಗೂ ಅರ್ಥ ಆಗೋ ಹಾಗೆ, ಗಟ್ಟಿಯಾಗಿ ಹೇಳು!"

"ಆಯ್ತವ್ವಾ, ಬಿಡಿಸಿ ಹೇಳ್ತೀನಿ."

ಶುಕ್ರವಾರ ಬಂತು. ಒಂಬತ್ತು ರವಿಕೆಗೆ ಇನ್ನು ಒಂದೂವರೆ ದಿನ. ಚೆನ್ನಾಜಮ್ಮ ಹಲ್ಲು ಕಚ್ಚಿಕೊಂಡು ಫೋನು, ಟ್ಯಾಬು, ಮಗ ಮೂರನ್ನೂ ಅಂಗಡಿಗೆ ತಂದಳು. ಇಂಗ್ಲಿಷ್ ಅಕ್ಷರ ಒತ್ತೋಕೆ ಮಗನೇ ಬೇಕು. ಕೋಡ್ ಬಂತು, ಒತ್ತಿದರು, ಬಾಗಿಲು ತೆರೆಯಿತು. ಹೊಸ ಪಾಸ್‌ವರ್ಡ್ ಇಡಿ ಅಂತ ಟ್ಯಾಬ್ ಹೇಳಿತು.

"ನೀನು ಆಚೆ ನಡಿಯಪ್ಪಾ," ಅಂದಳು ಫಯಾಜ್‌ಗೆ.

ಪಾಪ ಫಯಾಜ್, ತನ್ನ ಅಂಗಡಿಯಿಂದ ತಾನೇ ಆಚೆ ಹೋಗಿ ಬಿಸಿಲಲ್ಲಿ ನಿಂತ. ಚೆನ್ನಾಜಮ್ಮ ಶಟರ್ ಅರ್ಧ ಎಳೆದಳು. ಮಗನ ಕಿವಿಯಲ್ಲಿ ಪಿಸುಗುಟ್ಟಿದಳು. ಅವನು ಒತ್ತಿದ. ಆಯಿತು!

ಅವಳು ಫಯಾಜ್‌ಗೆ ಒಂದು ಮಾತು ಹೇಳಿ ಬರೋ ಅಷ್ಟರಲ್ಲಿ ಗುರುಮಲ್ಲ ಕುಣಿಯುತ್ತ ಬೀದಿಗೆ ಹೋಗಿದ್ದ. ನಲ್ಲಿ ಹತ್ತಿರದ ಹೆಂಗಸರು ಕೇಳಿದರು: "ಟ್ಯಾಬ್ ತೆರೀತೇನೋ ಗುರುಮಲ್ಲಾ?"

"ತೆರೀತು!"

"ಹೆಂಗೋ ತೆರೀತು?"

ಅವ್ವ ಹೇಳಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ನಲ್ಲಿ ಕಟ್ಟೆ ಹತ್ತಿ ನಿಂತ. ಬೀದಿಗೆಲ್ಲ ಕೇಳೋ ಹಾಗೆ, ಬಿಡಿಸಿ ಬಿಡಿಸಿ ಹೇಳಿದ: "ಕುಪ್ಪಸ ಮೂವತ್ತಾರು! ಕೆ ದೊಡ್ಡದು! ಯು ಚಿಕ್ಕದು! ಪಿ ಚಿಕ್ಕದು, ಎರಡು ಸಲ! ಅರ್ಥ ಆಯ್ತಾ ಎಲ್ಲರಿಗೂ?" ಅರ್ಥ ಆಗಲಿಲ್ಲ ಅಂದ ಒಬ್ಬ ಅಜ್ಜಿಗೆ ಇನ್ನೊಂದು ಸಲ ಹೇಳಿದ.

ಇದೊಂದೂ ಗೊತ್ತಿಲ್ಲದೆ ಚೆನ್ನಾಜಮ್ಮ ಮಗನನ್ನು ಕರೆದುಕೊಂಡು ಮನೆಗೆ ಬಂದು ಬಾಗಿಲು ಹಾಕಿದಳು, ಚಿಲಕ ಹಾಕಿದಳು. ಟ್ಯಾಬ್ ಮತ್ತೆ ಪಾಸ್‌ವರ್ಡ್ ಕೇಳಿತು. ಅಕ್ಷರ ಗುರುತು ಹಿಡಿದು ಹಿಡಿದು ತಾನೇ ಒತ್ತಿದಳು. 'ತಪ್ಪು' ಅಂತ ಬಂತು. ಮತ್ತೆ ಒತ್ತಿದಳು. 'ತಪ್ಪು.'

"ಅಯ್ಯೋ, ಮತ್ತೆ ಬೀಗ ಬಿತ್ತಲ್ಲೋ!"

ಎದುರುಮನೆ ಕಿಟಕಿಯಿಂದ ದಾಕ್ಷಾಯಿಣಿಯ ದನಿ ಬಂತು: "ಅಕ್ಕಾ, ಕೆ ದೊಡ್ಡದಂತೆ!"

ದೊಡ್ಡದನ್ನೇ ಒತ್ತಿದಳು. ತೆರೆಯಿತು. ಅಳತೆ ಸಿಕ್ಕಿತು, ಒಂಬತ್ತು ರವಿಕೆಯೂ ಆಯಿತು, ಮದುವೆಯೂ ಆಯಿತು, ಅದು ಬಿಡಿ. ಆ ಗಳಿಗೆಯಲ್ಲಿ ಅವಳ ಮುಖ ನೋಡಬೇಕಿತ್ತು! ಗುರುಮಲ್ಲನ ರಟ್ಟೆ ಹಿಡಿದು ಬೀದಿಗೆ ನೂಕಿದಳು.

"ಹೋಗೋ! ಯಾರ್ಯಾರಿಗೆ ಹೇಳಿದೆಯೋ ಅವರೆಲ್ಲರ ಹತ್ತಿರ ಹೋಗು! ಹೇಳಿದ್ದಷ್ಟನ್ನೂ ವಾಪಸ್ ಇಸ್ಕೊಂಡು ಬಾ! ಒಂದೂ ಬಿಡಬೇಡ!"

"ಆಯ್ತವ್ವಾ," ಅಂತ ಗುರುಮಲ್ಲ ಜಗಲಿಯ ಗೂಟಕ್ಕೆ ತೂಗುಹಾಕಿದ್ದ ಸಂತೆ ಚೀಲ ತಗೊಂಡ. ಮನೆ ಮನೆ ಬಾಗಿಲಿಗೆ ಹೋದ. ಚೀಲದ ಬಾಯಿ ಅಗಲಿಸಿ ಹಿಡಿದ. "ನಮ್ಮ ಪಾಸ್‌ವರ್ಡ್ ವಾಪಸ್ ಕೊಡಬೇಕಂತೆ. ಇದರೊಳಗೆ ಹೇಳಿಬಿಡಿ," ಅಂದ. ಒಬ್ಬೊಬ್ಬರೂ ನಗು ತಡೆದುಕೊಂಡು ಚೀಲಕ್ಕೆ ಬಾಯಿ ಇಟ್ಟು "ಕುಪ್ಪಸ ಮೂವತ್ತಾರು" ಅಂದರು. ಒಬ್ಬೊಬ್ಬರದು ಬಿದ್ದ ಮೇಲೂ ಅವನು ಚೀಲದ ಬಾಯಿ ಬಿಗಿಯಾಗಿ ತಿರುಚುತ್ತಿದ್ದ, ಹಿಂದಿನದು ಆಚೆ ಹಾರದ ಹಾಗೆ.

ಹೊತ್ತು ಇಳಿಯೋ ಮುಂಚೆ ಬಂದ. ಚೀಲವನ್ನು ಹಗ್ಗದಿಂದ ಮೂರು ಸುತ್ತು ಬಿಗಿದಿದ್ದ. ಭಾರ ಅನ್ನೋ ಹಾಗೆ ಹೆಗಲಿಂದ ಇಳಿಸಿ ಅವ್ವನ ಮುಂದೆ ಇಟ್ಟ.

"ಎಲ್ಲಾ ವಾಪಸ್ ಬಂತವ್ವಾ, ಎಣಿಸಿಕೋ," ಅಂದ. "ದಾಕ್ಷಾಯಿಣಕ್ಕ ಒಬ್ಬಳು ಮಾತ್ರ, ಸ್ವಲ್ಪ ಕೆಲಸ ಇದೆ, ನಾಳೆ ಕೊಡ್ತೀನಿ ಅಂದ್ಲು."